ಆ ವಾರ ಎಣ್ಣೆ ಇಳಿಯಿತು, ಡೀಸೆಲ್ ಏರಿತು

2025ರ ಏಪ್ರಿಲ್ ಮೊದಲ ವಾರ. ಜಮಖಂಡಿ ಹತ್ತಿರದ ನಮ್ಮೂರಲ್ಲಿ ಕಬ್ಬು ಕಡಿಯುವ ಕೆಲಸ ಮುಗಿದಿತ್ತು. ಕೂಳೆ ಬಿಡದ ಹೊಲಗಳಿಗೆ ಟ್ರ್ಯಾಕ್ಟರ್ ಇಳಿದಿದ್ದವು. ಪಂಪಿನಲ್ಲಿ ಡೀಸೆಲ್ ಹಾಕಿಸಿಕೊಂಡು ಬಂದ ನಮ್ಮ ಕಾಕಾ ಕಟ್ಟೆಯ ಮೇಲಿದ್ದ ಪೇಪರ್ ಎತ್ತಿ ನನ್ನ ಮುಂದೆ ಹಿಡಿದರು.

"ಪರದೇಶದಾಗ ಎಣ್ಣಿ ಇಳದೈತಿ ಅಂತ ಹಾಕ್ಯಾರ. ನಮ್ಮ ಪಂಪಿನ್ಯಾಗ ಯಾಕ ಏರೈತಿ? ನಡುವ ಯಾರ ತಿಂತಾರ ಇದನ್ನ?"

ಆಗ ನನಗೆ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಕಾಕಾನ ಪ್ರಶ್ನೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಪ್ರತಿ ಟ್ರ್ಯಾಕ್ಟರ್, ಟಂಟಂ, ಬೈಕ್ ಇರುವವರ ಪ್ರಶ್ನೆ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ವಾರ ಏನಾಯಿತು ನೋಡೋಣ. ಏಪ್ರಿಲ್ 1ಕ್ಕೆ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರ ಆಸುಪಾಸಿನಿಂದ 21.17ಕ್ಕೆ ಏರಿಸಿತು. ಲೀಟರಿಗೆ ಸುಮಾರು 2 ರೂಪಾಯಿ ಜಾಸ್ತಿಯಾಯಿತು. ಏಪ್ರಿಲ್ 7ರಂದು ಜಗತ್ತಿನ ಮಾರುಕಟ್ಟೆಯಲ್ಲಿ ದರಕ್ಕೆ ಅಳತೆಗೋಲಾದ ಬ್ರೆಂಟ್ ಎಂಬ ಕಚ್ಚಾ ಎಣ್ಣೆ ಬ್ಯಾರೆಲ್‌ಗೆ 65 ಡಾಲರ್‌ಗಿಂತ ಕೆಳಗೆ ಬಿತ್ತು. ನಾಲ್ಕು ವರ್ಷಗಳಲ್ಲೇ ಅಷ್ಟು ಇಳಿದಿರಲಿಲ್ಲ. ಅದೇ ದಿನ ಕೇಂದ್ರ ಸರ್ಕಾರ ಪೆಟ್ರೋಲ್, ಡೀಸೆಲ್ ಎರಡರ ಮೇಲೂ ಎಕ್ಸೈಸ್ ಸುಂಕವನ್ನು ಲೀಟರಿಗೆ 2 ರೂಪಾಯಿ ಏರಿಸಿತು. ಪಂಪಿನ ದರ ಇದರಿಂದ ಬದಲಾಗುವುದಿಲ್ಲ ಎಂದೂ ಹೇಳಿತು. ಜೊತೆಗೆ ಮನೆಯ ಗ್ಯಾಸ್ ಸಿಲಿಂಡರ್ 50 ರೂಪಾಯಿ ಏರಿತು.

ಸುಂಕ ಏರಿದರೂ ಪಂಪಿನ ದರ ಏರಲಿಲ್ಲ ಅಂದರೆ ಅರ್ಥ ಇಷ್ಟೇ. ಎಣ್ಣೆ ಇಳಿದಿದ್ದರಿಂದ ನಮಗೆ ಸಿಗಬೇಕಿದ್ದ ಉಳಿತಾಯದಲ್ಲಿ 2 ರೂಪಾಯಿಯನ್ನು ಕೇಂದ್ರ ದಾರಿಯಲ್ಲೇ ತೆಗೆದುಕೊಂಡಿತು. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು?

ಒಂದು ಬ್ಯಾರೆಲ್ ಅಂದರೆ ಸುಮಾರು 159 ಲೀಟರ್. ಬ್ಯಾರೆಲ್‌ನ ಡಾಲರ್ ದರವನ್ನು ರೂಪಾಯಿಗೆ ತಿರುಗಿಸಿ 159ರಿಂದ ಭಾಗಿಸಿದರೆ ಲೀಟರ್ ಕಚ್ಚಾ ಎಣ್ಣೆಯ ಬೆಲೆ ಸಿಗುತ್ತದೆ. 2024ರ ಜೂನ್‌ನಲ್ಲಿ ಭಾರತ ಕೊಳ್ಳುವ ಎಣ್ಣೆ 82 ಡಾಲರ್ ಆಸುಪಾಸಿನಲ್ಲಿತ್ತು. ಆಗಿನ ಡಾಲರ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 43 ರೂಪಾಯಿ. 65 ಡಾಲರ್‌ಗೆ ಇಳಿದಾಗ ಅದು ಸುಮಾರು 35 ರೂಪಾಯಿ. ಎಂಟು ರೂಪಾಯಿ ಕಡಿಮೆ. ಇಳಿದ ದಿನವೇ ಆ ಎಣ್ಣೆ ನಮ್ಮ ಪಂಪಿಗೆ ಬಂದುಬಿಡುವುದಿಲ್ಲ ನಿಜ. ಹಡಗಿನಲ್ಲಿ ಬರಬೇಕು, ಶುದ್ಧವಾಗಬೇಕು, ಡಿಪೋಗೆ ಹೋಗಬೇಕು. ಒಂದೂವರೆ ತಿಂಗಳು ಹಿಡಿಯುತ್ತದೆ ಅಂದುಕೊಳ್ಳಿ. ಆದರೆ ಒಂದೂವರೆ ತಿಂಗಳ ಮೇಲೂ ಪಂಪಿನ ಬೋರ್ಡ್ ಕದಲಲಿಲ್ಲ.

ಇಲ್ಲಿ ಡಾಲರ್ ಬಗ್ಗೆಯೂ ಒಂದು ಮಾತು ಹೇಳಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. "ಹಿಂದೆ ಎಣ್ಣೆ 105 ಡಾಲರ್ ಇದ್ದಾಗ ಪೆಟ್ರೋಲ್ 70 ರೂಪಾಯಿ ಇತ್ತು, ಈಗ ಎಣ್ಣೆ 80ಕ್ಕಿಂತ ಕೆಳಗಿದೆ, ಪೆಟ್ರೋಲ್ ನೂರು ದಾಟಿದೆ" ಎಂಬ ಮಾತನ್ನು ಚಹಾದ ಅಂಗಡಿಯಲ್ಲಿ ದಿನಾ ಕೇಳುತ್ತಿದ್ದೆವು ಅಲ್ವಾ? 2013-14ರಲ್ಲಿ ಸರಾಸರಿ 105 ಡಾಲರ್ ಇದ್ದದ್ದು ನಿಜ. ಆಗ ಡಾಲರಿಗೆ 60 ರೂಪಾಯಿ ಇತ್ತು. ಲೀಟರ್ ಲೆಕ್ಕಕ್ಕೆ ಸುಮಾರು 40 ರೂಪಾಯಿ. 2024-25ರಲ್ಲಿ ಎಣ್ಣೆ ಸರಾಸರಿ 78-79 ಡಾಲರ್. ಡಾಲರ್ ಮಾತ್ರ 84 ರೂಪಾಯಿ ದಾಟಿತ್ತು. ಲೀಟರಿಗೆ ಮತ್ತೆ 41-42 ರೂಪಾಯಿಯೇ. ಅಂದರೆ ಡಾಲರ್ ಲೆಕ್ಕದಲ್ಲಿ ಎಣ್ಣೆ ಅಗ್ಗವಾದರೂ ನಮ್ಮ ರೂಪಾಯಿ ಇಳಿದು ಆ ಲಾಭವನ್ನೆಲ್ಲ ನುಂಗಿತು. ನಾವು ಸುಡುವ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರಗಿನದು. ರೂಪಾಯಿಯ ಈ ಪೆಟ್ಟು ತಪ್ಪುವುದಿಲ್ಲ.

ಆದರೂ ಪೆಟ್ರೋಲಿನ ಆ ಎರಡು ದರಗಳ ನಡುವೆ ದೊಡ್ಡ ಅಂತರ ಉಳಿಯಿತಲ್ಲ. ಅದು ಬಹುಪಾಲು ತೆರಿಗೆ.

ಒಂದು ಲೀಟರ್ ಬಿಚ್ಚಿ ನೋಡಿದರೆ

2024ರ ಜೂನ್ 15ಕ್ಕೆ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಬೆಂಗಳೂರಿನ ದರ 102 ರೂಪಾಯಿ 80 ಪೈಸೆ ದಾಟಿತು. ಸಾಗಣೆ ಖರ್ಚಿನಿಂದ ನಮ್ಮ ಕಡೆ ದರ ಊರಿಂದ ಊರಿಗೆ ತುಸು ಹೆಚ್ಚು ಕಡಿಮೆ ಇರುತ್ತದೆ, ಲೆಕ್ಕ ಮಾತ್ರ ಒಂದೇ.

ಎಣ್ಣೆ ಕಂಪನಿ ಪಂಪಿನವರಿಗೆ ತೆರಿಗೆ ಸೇರಿಸದೆ ಹಾಕುವ ದರ ಆಗ ಸುಮಾರು 55 ರೂಪಾಯಿ 50 ಪೈಸೆ. ಕಚ್ಚಾ ಎಣ್ಣೆ, ಶುದ್ಧ ಮಾಡುವ ಖರ್ಚು, ಸಾಗಣೆ, ಕಂಪನಿಯ ಲಾಭ ಎಲ್ಲ ಅದರಲ್ಲೇ. ಅದರ ಮೇಲೆ ಕೇಂದ್ರದ ಎಕ್ಸೈಸ್ 19 ರೂಪಾಯಿ 90 ಪೈಸೆ. ಪಂಪಿನ ಮಾಲೀಕರ ಕಮಿಷನ್ ಸುಮಾರು 3 ರೂಪಾಯಿ 80 ಪೈಸೆ. ಇಷ್ಟೂ ಕೂಡಿಸಿದರೆ 79 ರೂಪಾಯಿ ಚಿಲ್ಲರೆ. ಈ 79ರ ಮೇಲೆ ಶೇ. 29.84ರಂತೆ ರಾಜ್ಯದ ತೆರಿಗೆ 23 ರೂಪಾಯಿ 60 ಪೈಸೆ. ಎರಡೂ ಸರ್ಕಾರಗಳಿಗೆ ಸೇರಿ 43 ರೂಪಾಯಿ 50 ಪೈಸೆ ಹೋಯಿತು. ನೂರು ರೂಪಾಯಿ ಪೆಟ್ರೋಲ್ ಹಾಕಿಸಿದರೆ 42 ರೂಪಾಯಿ ತೆರಿಗೆ.

ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ರಾಜ್ಯದ ತೆರಿಗೆ ಬೀಳುವುದು ಕೇಂದ್ರದ ಸುಂಕವನ್ನೂ ಸೇರಿಸಿದ ಮೊತ್ತದ ಮೇಲೆ. ಅಂದರೆ 19.90ರ ಮೇಲೂ ಶೇ. 29.84. ಬರೀ ತೆರಿಗೆಯ ಮೇಲಿನ ತೆರಿಗೆಯೇ ಲೀಟರಿಗೆ ಹತ್ತಿರ ಹತ್ತಿರ 6 ರೂಪಾಯಿ ಆಗುತ್ತದೆ. ಇನ್ನೊಂದು, ಕೇಂದ್ರದ ಸುಂಕ ಲೀಟರಿಗೆ ಇಷ್ಟು ಎಂದು ಗೊತ್ತುಮಾಡಿದ್ದು. ರಾಜ್ಯದ ತೆರಿಗೆ ಶೇಕಡಾ ಲೆಕ್ಕ. ಎಣ್ಣೆ ದುಬಾರಿಯಾದರೆ ರಾಜ್ಯಕ್ಕೆ ತಾನಾಗಿಯೇ ಜಾಸ್ತಿ ಬರುತ್ತದೆ, ಯಾರೂ ಆದೇಶ ಹೊರಡಿಸಬೇಕಿಲ್ಲ.

ರಾಜ್ಯ ಯಾಕೆ ಹೀಗೆ ಏರಿಸುತ್ತದೆ ಎಂದು ಸಿಟ್ಟು ಬರುವ ಮೊದಲು ಆ 19 ರೂಪಾಯಿ 90 ಪೈಸೆಯ ಒಳಗೂ ಇಣುಕಬೇಕು. ಅದರಲ್ಲಿ ಮೂಲ ಎಕ್ಸೈಸ್ ಬರೀ 1 ರೂಪಾಯಿ 40 ಪೈಸೆ. ಉಳಿದದ್ದು ವಿಶೇಷ ಹೆಚ್ಚುವರಿ ಸುಂಕ 11 ರೂಪಾಯಿ, ರಸ್ತೆ ಸೆಸ್ (ಆ ಕೆಲಸಕ್ಕೆಂದೇ ಹಾಕುವ ತೆರಿಗೆ) 5 ರೂಪಾಯಿ, ಕೃಷಿ ಸೆಸ್ 2 ರೂಪಾಯಿ 50 ಪೈಸೆ. ಕೇಂದ್ರ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಮೂಲ ಸುಂಕವನ್ನು ಮಾತ್ರ. ಸೆಸ್, ವಿಶೇಷ ಸುಂಕ ಹಂಚುವ ಗಂಟಿಗೆ ಬರುವುದಿಲ್ಲ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಹೇಳುವ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ 1.40ರಲ್ಲಿ ಶೇ. 41, ಅಂದರೆ 57 ಪೈಸೆ. ಅದರಲ್ಲಿ ಕರ್ನಾಟಕದ ಪಾಲು ಆಗ ಶೇ. 3.647 ಇತ್ತು. ಕಾಕಾಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ: ಲೀಟರಿಗೆ ಬರೋಬ್ಬರಿ 2 ಪೈಸೆ! 2025ರ ಏಪ್ರಿಲ್‌ನಲ್ಲಿ ಏರಿಸಿದ 2 ರೂಪಾಯಿಯನ್ನೂ ವಿಶೇಷ ಸುಂಕಕ್ಕೇ ಸೇರಿಸಿದರು. ಅದರಲ್ಲಿ ರಾಜ್ಯಕ್ಕೆ ಒಂದು ಪೈಸೆಯೂ ಇಲ್ಲ. ಕೇಂದ್ರ ಕೊಡದಿದ್ದಾಗ ರಾಜ್ಯ ತನ್ನದೇ ತೆರಿಗೆ ಏರಿಸುತ್ತದೆ. ಎರಡೂ ಹೊರೆ ಹೊರುವ ಹೆಗಲು ಮಾತ್ರ ಒಂದೇ.

ರಾಜ್ಯದ ಏರಿಕೆಯ ಬಿಸಿ ನಮ್ಮ ಗಡಿ ಭಾಗಕ್ಕೆ ಬೇರೆ ಥರ ತಟ್ಟಿತು. ಮೊದಲು ನಿಪ್ಪಾಣಿ ಕಡೆಯ ಹೆದ್ದಾರಿ ಪಂಪುಗಳಲ್ಲಿ ಮಹಾರಾಷ್ಟ್ರದ ಲಾರಿಗಳು ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತಿದ್ದವು. ಡೀಸೆಲ್ ಇಲ್ಲಿ ಲೀಟರಿಗೆ ಐದಾರು ರೂಪಾಯಿ ಅಗ್ಗ ಇತ್ತು. 2024 ಮತ್ತು 2025ರ ಎರಡು ಏರಿಕೆಗಳಲ್ಲಿ ಆ ಅಂತರ ಕರಗಿಹೋಯಿತು. ಇತ್ತ ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಹೋಗಿಬರುವ ಬೆಳಗಾವಿಯವರು ವಾಪಸ್ ಬರುವಾಗ ಅಲ್ಲೇ ಪೆಟ್ರೋಲ್ ತುಂಬಿಸುತ್ತಾರೆ, ಅಲ್ಲಿ ಕಡಿಮೆ ಅಂತ. ಒಂದೇ ದೇಶ, ಅದೇ ಕಂಪನಿ, ಅದೇ ಪೆಟ್ರೋಲ್. ಗಡಿ ದಾಟಿದರೆ ದರ ಬೇರೆ.

ಜಿಎಸ್‌ಟಿಗೆ ಯಾಕೆ ತರುವುದಿಲ್ಲ ಎಂದು ಕೇಳುವವರೂ ಇದ್ದಾರೆ. ಸಂವಿಧಾನದ 279ಎ ವಿಧಿಯ ಪ್ರಕಾರ ಪೆಟ್ರೋಲ್, ಡೀಸೆಲ್ ಅನ್ನು ಜಿಎಸ್‌ಟಿಗೆ ಎಂದಿನಿಂದ ಸೇರಿಸಬೇಕು ಎಂದು ಜಿಎಸ್‌ಟಿ ಮಂಡಳಿಯೇ ಶಿಫಾರಸು ಮಾಡಬೇಕು. 2021ರ ಸೆಪ್ಟೆಂಬರ್‌ನಲ್ಲಿ ಲಕ್ನೋ ಸಭೆಯಲ್ಲಿ ಈ ವಿಷಯ ಬಂದಿತ್ತು. ಈಗ ಬೇಡ ಎಂದು ಬಿಟ್ಟರು. ಕಾರಣ ಲೆಕ್ಕದಲ್ಲೇ ಇದೆ. ಮೇಲಿನ ಲೀಟರಿಗೆ ಜಿಎಸ್‌ಟಿಯ ಅತಿ ಹೆಚ್ಚಿನ ದರವಾದ ಶೇ. 40 ಹಾಕಿದರೂ ಪೆಟ್ರೋಲ್ 83 ರೂಪಾಯಿಗೆ ಬರುತ್ತದೆ. ಸರ್ಕಾರಗಳ ಗಳಿಕೆ ಮಾತ್ರ 43ರಿಂದ 24ಕ್ಕೆ ಇಳಿಯುತ್ತದೆ. ಈ ವಿಷಯದಲ್ಲಿ ಯಾವ ಪಕ್ಷದ ಸರ್ಕಾರಕ್ಕೂ ಅವಸರವಿಲ್ಲ.

ದರವನ್ನು ನಿಜವಾಗಿ ಯಾರು ಇಡುತ್ತಾರೆ?

ಕಾಗದದ ಮೇಲೆ ಉತ್ತರ ಸುಲಭ. ಎಣ್ಣೆ ಕಂಪನಿಗಳು. 2002ರ ಏಪ್ರಿಲ್‌ವರೆಗೆ ಸರ್ಕಾರವೇ ದರ ಗೊತ್ತುಮಾಡುತ್ತಿತ್ತು. ಆ ವ್ಯವಸ್ಥೆ ತೆಗೆದರೂ ಹಿಡಿತ ಬಿಡಲಿಲ್ಲ. ಕಂಪನಿಗಳು ಕಡಿಮೆ ದರಕ್ಕೆ ಮಾರಿ, ಆದ ನಷ್ಟಕ್ಕೆ ಸರ್ಕಾರ ಆಯಿಲ್ ಬಾಂಡ್ ಎಂಬ ಸಾಲಪತ್ರ ಬರೆದುಕೊಟ್ಟಿತು. 2010ರ ಜೂನ್‌ನಲ್ಲಿ ಪೆಟ್ರೋಲ್, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಸರ್ಕಾರದ ಹಿಡಿತದಿಂದ ಹೊರಬಂದವು. 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ 6 ಗಂಟೆಗೆ ದರ ಬದಲಾಗುವ ಪದ್ಧತಿ ಬಂತು.

ದಿನಾ ಬದಲಾಗಬೇಕಾದ ದರ ನಿಂತದ್ದು ಯಾವಾಗ ನೋಡಿ. 2018ರ ಮೇ 12ಕ್ಕೆ ನಮ್ಮ ವಿಧಾನಸಭೆ ಚುನಾವಣೆ ಇತ್ತು. ಅದಕ್ಕೆ ಮೊದಲು 19 ದಿನ ಇಡೀ ದೇಶದಲ್ಲಿ ದರ ಅಲ್ಲಾಡಲಿಲ್ಲ. ಮತದಾನ ಮುಗಿದು ಒಂದು ದಿನ ಕಳೆದ ಮೇಲೆ, ಮೇ 14ರಿಂದ ಮತ್ತೆ ಏರತೊಡಗಿತು. 2021ರ ನವೆಂಬರ್‌ನಿಂದ 2022ರ ಮಾರ್ಚ್ 21ರವರೆಗೆ ನಾಲ್ಕೂವರೆ ತಿಂಗಳು ಹೀಗೇ ನಿಂತಿತ್ತು. ಅಷ್ಟರಲ್ಲಿ ಉತ್ತರಪ್ರದೇಶ, ಪಂಜಾಬ್, ಗೋವಾ ಚುನಾವಣೆ ಮುಗಿದಿದ್ದವು, ಉಕ್ರೇನ್ ಯುದ್ಧ ಶುರುವಾಗಿ ಎಣ್ಣೆ ಮುಗಿಲು ಮುಟ್ಟಿತ್ತು. ಆಮೇಲೆ ಎರಡೇ ವಾರದಲ್ಲಿ 10 ರೂಪಾಯಿ ಏರಿಸಿದರು. ಅಲ್ಲಿಗೆ ಮತ್ತೆ ನಿಂತಿತು. ಕಂಪನಿಗಳು ದರ ಇಳಿಸಿದ್ದು 2024ರ ಮಾರ್ಚ್ 15ಕ್ಕೆ, 2 ರೂಪಾಯಿ. ಮರುದಿನವೇ ಲೋಕಸಭೆ ಚುನಾವಣೆಯ ದಿನಾಂಕ ಪ್ರಕಟವಾಯಿತು.

ಈ ಕಂಪನಿಗಳು ಯಾರವು? ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ. ದೇಶದ ಪಂಪುಗಳಲ್ಲಿ ನೂರಕ್ಕೆ 90ರಷ್ಟು ಈ ಮೂರರವೇ. ಮೊದಲಿನ ಎರಡರಲ್ಲಿ ಅರ್ಧಕ್ಕಿಂತ ಜಾಸ್ತಿ ಷೇರು ಕೇಂದ್ರದ್ದು. ಮೂರನೆಯದು ಎಣ್ಣೆ ತೆಗೆಯುವ ಕೇಂದ್ರದ್ದೇ ಕಂಪನಿ ಒಎನ್‌ಜಿಸಿಯ ಕೈಯಲ್ಲಿದೆ. ಮಾಲೀಕ ಸರ್ಕಾರ, ತೆರಿಗೆ ಹಾಕುವುದು ಸರ್ಕಾರ. ದರ ಮಾತ್ರ ಮಾರುಕಟ್ಟೆಯದ್ದು ಅಂದರೆ ನಂಬುವುದು ಕಷ್ಟ.

ಇವುಗಳ ಲಾಭದ ಲೆಕ್ಕ ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. 2022ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರೇ ತಿಂಗಳಲ್ಲಿ ಮೂರೂ ಕಂಪನಿ ಸೇರಿ 18 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ನಷ್ಟ ತೋರಿಸಿದವು. ಎಣ್ಣೆ ದುಬಾರಿ, ಪಂಪಿನ ದರ ನಿಂತಿತ್ತು. 2023-24ರಲ್ಲಿ ಎಣ್ಣೆ ಇಳಿಯಿತು. ಪಂಪಿನ ದರ ಆಗಲೂ ನಿಂತಿತ್ತು. ಆ ವರ್ಷ ಮೂರೂ ಸೇರಿ ಸುಮಾರು 81 ಸಾವಿರ ಕೋಟಿ ಲಾಭ ಮಾಡಿದವು. ಮರುವರ್ಷ ಅದು 33-34 ಸಾವಿರ ಕೋಟಿಗೆ ಬಂತು. ಲಾಭ ಹೀಗೆ ಕುಸಿಯಲು ಒಂದು ಕಾರಣ ಮನೆಯ ಗ್ಯಾಸ್. ಸಿಲಿಂಡರನ್ನು ಖರ್ಚಿಗಿಂತ ಕಡಿಮೆಗೆ ಮಾರಬೇಕಾಯಿತು. ಆ ನಷ್ಟಕ್ಕೆ 2025ರ ಆಗಸ್ಟ್‌ನಲ್ಲಿ ಕೇಂದ್ರ 30 ಸಾವಿರ ಕೋಟಿ ಕೊಡಲು ಒಪ್ಪಿತು.

ಕಂಪನಿಗಳ ಪರವಾಗಿ ಹೇಳಬೇಕಾದದ್ದೂ ಇದೆ. 2022ರಲ್ಲಿ ಜಗತ್ತಿನ ದರವನ್ನು ಅವು ನಮ್ಮ ಮೇಲೆ ಹಾಗೇ ಹೇರಿದ್ದರೆ ನಮ್ಮ ಕಬ್ಬಿನ ಹಂಗಾಮಿನ ಬಾಡಿಗೆ, ಇಂಡಿ ತಾಲೂಕಿನ ಲಿಂಬೆ ಸಾಗಿಸುವ ಲಾರಿ ಬಾಡಿಗೆ ಎಲ್ಲ ಕೈಗೆ ಸಿಗುತ್ತಿರಲಿಲ್ಲ. ಏರಿದಾಗ ತಡೆದರು, ಇಳಿದಾಗ ಆ ನಷ್ಟ ತುಂಬಿಕೊಂಡರು. ಇದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಎಷ್ಟು ತುಂಬಿಕೊಳ್ಳಬೇಕು, ಯಾವಾಗ ಸಾಕು ಎನ್ನಬೇಕು, ಪೆಟ್ರೋಲಿನ ಲಾಭದಲ್ಲಿ ಎಷ್ಟು ಗ್ಯಾಸಿನ ನಷ್ಟಕ್ಕೆ ಹೋಗಬೇಕು ಎಂಬುದಕ್ಕೆ ಜನರ ಕಣ್ಣಿಗೆ ಬೀಳುವ ಒಂದು ನಿಯಮ ಇಲ್ಲ. ನನ್ನ ತಕರಾರು ಅದೊಂದೇ. ನಮ್ಮ ಆಲಮಟ್ಟಿಯಲ್ಲೂ ಮಹಾಬಳೇಶ್ವರದ ಮಳೆ ನೇರವಾಗಿ ನಾರಾಯಣಪುರಕ್ಕೆ ಹೋಗುವುದಿಲ್ಲ, ಗೇಟು ಎತ್ತಿದಷ್ಟೇ ಹೋಗುತ್ತದೆ. ಆದರೆ ಒಳಹರಿವು ಎಷ್ಟು, ಹೊರಹರಿವು ಎಷ್ಟು, ಜಲಾಶಯ ತುಂಬುವ 519.60 ಮೀಟರಿಗೆ ಇನ್ನು ಎಷ್ಟು ಬಾಕಿ ಎಂದು ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಬರುತ್ತದೆ. ಎಣ್ಣೆಯ ಗೇಟಿಗೆ ಅಂಥ ಲೆಕ್ಕ ಯಾರೂ ಕೊಡುವುದಿಲ್ಲ.

ನಮ್ಮ ಕಬ್ಬು ಈಗ ಟ್ಯಾಂಕಿನಲ್ಲಿ

ಈ ಕಥೆಯಲ್ಲಿ ನಮ್ಮ ಮೂರು ಜಿಲ್ಲೆಗಳಿಗೆ ಇನ್ನೊಂದು ಪಾತ್ರವೂ ಇದೆ. 2025ರಲ್ಲಿ ದೇಶದ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುವ ಮಟ್ಟ ಮುಟ್ಟಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಕ್ಕರೆ ಕಾರ್ಖಾನೆಗಳಲ್ಲಿ ಬಹಳಷ್ಟು ಈಗ ಎಥೆನಾಲ್ ಕಾರ್ಖಾನೆಗಳೂ ಹೌದು. ಹಾಗಿದ್ದರೆ ಪೆಟ್ರೋಲ್ ಅಗ್ಗವಾಗಬೇಕಿತ್ತಲ್ಲ?

ಆಗಲಿಲ್ಲ. ಕಬ್ಬಿನ ಹಾಲಿನಿಂದ ನೇರವಾಗಿ ಮಾಡಿದ ಎಥೆನಾಲಿಗೆ ಕೇಂದ್ರ ಗೊತ್ತುಮಾಡಿದ ದರ ಲೀಟರಿಗೆ 65 ರೂಪಾಯಿ 61 ಪೈಸೆ. ಮೆಕ್ಕೆಜೋಳ ಮುಂತಾದ ಎಲ್ಲ ಮೂಲಗಳನ್ನೂ ಸೇರಿಸಿ, ಸಾಗಣೆ, ಜಿಎಸ್‌ಟಿ ಕೂಡಿಸಿದರೆ ಕಂಪನಿಗಳಿಗೆ ಸರಾಸರಿ 71 ರೂಪಾಯಿ 32 ಪೈಸೆ ಬೀಳುತ್ತದೆ ಎಂದು 2025ರ ಆಗಸ್ಟ್‌ನಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ತೆರಿಗೆ ಇಲ್ಲದ ಪೆಟ್ರೋಲ್ 55ರ ಆಸುಪಾಸು ಇರುವಾಗ ಎಥೆನಾಲ್ ಬೆರೆಸುವುದರಿಂದ ದರ ಇಳಿಯುವುದಿಲ್ಲ. ಮೇಲಾಗಿ ಎಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಹಳೆಯ ಬೈಕುಗಳ ಮೈಲೇಜ್ ಶೇ. 3-4, ಹಳೆಯ ಕಾರುಗಳದ್ದು ಶೇ. 6-7 ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯಲ್ಲೇ ಇದೆ.

ಹಾಗಂತ ಎಥೆನಾಲ್ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಡಾಲರ್ ಹೊರಗೆ ಹೋಗುವುದು ಉಳಿಯುತ್ತದೆ, ಆ ಹಣ ನಮ್ಮ ಹೊಲಗಳ ಕಡೆ ಬರಬೇಕು. ಬರುತ್ತಿದೆಯೇ? ಒಂದು ಟನ್ ಕಬ್ಬಿನ ಹಾಲಿನಿಂದ ಸುಮಾರು 70 ಲೀಟರ್ ಎಥೆನಾಲ್ ಆಗುತ್ತದೆ. 65.61ರಂತೆ 4,590 ರೂಪಾಯಿ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕೂತು ಕೇಳಿದ್ದು, ಕಡಿಯುವ, ಸಾಗಿಸುವ ಖರ್ಚು ಬಿಟ್ಟು, ಟನ್ನಿಗೆ 3,500. ಕೊನೆಗೆ ಒಪ್ಪಂದವಾದದ್ದು 3,300ಕ್ಕೆ. ಕಾರ್ಖಾನೆಯವರ ಮಾತಲ್ಲೂ ಹುರುಳಿದೆ. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕೇಂದ್ರ ಗೊತ್ತುಮಾಡುವ ಕನಿಷ್ಠ ದರ, ಕ್ವಿಂಟಲ್‌ಗೆ 305ರಿಂದ 355 ರೂಪಾಯಿಗೆ ಏರಿದ ಅವಧಿಯಲ್ಲಿ ಈ ಎಥೆನಾಲಿನ ದರ 65.61ರಲ್ಲೇ ನಿಂತಿತು. ಕೇಂದ್ರ ನಮ್ಮ ರಾಜ್ಯದಿಂದ ಕೊಳ್ಳುವ ಪಾಲೂ ಕಡಿಮೆ ಎಂದು ಅವರು ದೂರಿದರು. ಕಬ್ಬಿನ ಕನಿಷ್ಠ ದರ, ಎಥೆನಾಲ್ ದರ, ಯಾರಿಂದ ಎಷ್ಟು ಕೊಳ್ಳಬೇಕು ಎಂಬ ಲೆಕ್ಕ, ಪೆಟ್ರೋಲ್ ಮೇಲಿನ ಸುಂಕ ಎಲ್ಲದರ ಕೀಲಿಯೂ ದಿಲ್ಲಿಯಲ್ಲಿದೆ. ಕಬ್ಬು ಕೊಡುವವನೂ ಪೆಟ್ರೋಲ್ ಕೊಳ್ಳುವವನೂ ಒಬ್ಬನೇ ರೈತ. ಈ ಎರಡರ ನಡುವೆ ಯಾವ ದರವೂ ಅವನನ್ನು ಕೇಳಿ ನಿಲ್ಲುವುದಿಲ್ಲ.

ಕೇಳುವ ಪದ್ಧತಿ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಕರೆಂಟಿಗೆ ಇದೆ. ನಮ್ಮ ಕಡೆ ಕರೆಂಟ್ ಕೊಡುವ ಹೆಸ್ಕಾಂ ದರ ಏರಿಸಬೇಕಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಬೇಕು. ಖರ್ಚಿನ ಲೆಕ್ಕ ಇಡಬೇಕು. ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಬನಹಟ್ಟಿಯ ಮಗ್ಗದವರು ಬೇಕಾದರೂ ಹೋಗಿ ಆಕ್ಷೇಪ ಹೇಳಬಹುದು. ಆಯೋಗ ಕಾರಣ ಬರೆದು ಆದೇಶ ಕೊಡಬೇಕು. ಕೇಳಿದ್ದೆಲ್ಲ ಸಿಗುವುದಿಲ್ಲ, ದರ ಏರುವುದೂ ಉಂಟು. ಆದರೆ ಯಾಕೆ ಏರಿತು ಎಂಬುದು ಕಾಗದದಲ್ಲಿರುತ್ತದೆ. ಪೆಟ್ರೋಲಿಯಂಗೂ 2006ರ ಕಾಯ್ದೆಯಂತೆ ಒಂದು ನಿಯಂತ್ರಣ ಮಂಡಳಿ ಇದೆ. ಅದು ಗ್ಯಾಸ್ ಪೈಪ್‌ಲೈನಿನ ದರ ನೋಡುತ್ತದೆ. ಪಂಪಿನ ದರ ಗೊತ್ತುಮಾಡುವ ಕೆಲಸ ಅದಕ್ಕಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಕಾಕಾ ಎರಡು ಕಾಗದ ತಂದು ಕಟ್ಟೆಯ ಮೇಲಿಟ್ಟರು. ಒಂದು ಮನೆಯ ಕರೆಂಟ್ ಬಿಲ್. ಅದರಲ್ಲಿ ನಿಗದಿತ ಶುಲ್ಕ, ಯೂನಿಟ್ ಲೆಕ್ಕ, ಇಂಧನ ಹೊಂದಾಣಿಕೆ ಶುಲ್ಕ, ತೆರಿಗೆ ಎಲ್ಲ ಬೇರೆ ಬೇರೆ ಸಾಲಿನಲ್ಲಿದ್ದವು. ಇನ್ನೊಂದು ಆ ದಿನದ ಪಂಪಿನ ಚೀಟಿ. ಲೀಟರ್, ದರ, ಮೊತ್ತ, ಮೂರೇ ಸಾಲು.

"ಇದರಾಗೂ ಹಂಗ ಬರದ ಕೊಡಾಕ ಏನ ಅಡ್ಡಿ?" ಎಂದರು ಕಾಕಾ.